ನಸ್ರುಲ್ಲಾ ಸಾಬರ ಉಸಿರುಪೆಟ್ಟಿಗೆ

ಶಿರಾದ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಸ್ಟೌ ರಿಪೇರಿ ನಸ್ರುಲ್ಲಾ ಸಾಬರ ಅಂಗಡಿ ಎಲ್ಲಿತ್ತು ಎಂದು ಕೇಳಿ ನೋಡಿ. ಕೈ ತೋರಿಸುತ್ತಾರೆ. ತೋರಿಸುತ್ತಲೇ ಒಂದು ಮಾತು ಸೇರಿಸುತ್ತಾರೆ: "ಓ, ಸಾಮಾನು ತೊಳೀತಾ ಕೂತ್ಕಂಡು ನೀರಗಂಟೀನ ಸಾಯಿಸ್ದೋನಾ?" ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಉರಿಯುವುದಕ್ಕೆ ಕಾರಣವಿದೆ. ಊರಿನಲ್ಲಿ ಆ ಮಾತನ್ನು ಮೊದಮೊದಲು ಹೇಳಿದವರಲ್ಲಿ ನಾನೂ ಒಬ್ಬ. ಸಾಬರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಬಗ್ಗೆ ಬರೆಯಲು ನನಗಿಂತ ನಾಲಾಯಕ್ಕು ಮನುಷ್ಯ ಶಿರಾದಲ್ಲಿ ಇಲ್ಲ. ಆದರೂ ನಾನೇ ಬರೆಯಬೇಕು.

ನನ್ನ ಹೆಸರು ಚನ್ನಮಲ್ಲಯ್ಯ. ನನ್ನದು ಸೈಕಲ್ ಅಂಗಡಿ. ಐವತ್ತನೇ ಇಸವಿಯಲ್ಲಿ ಅಂಗಡಿ ಇಟ್ಟಾಗ ಪಕ್ಕದ ಮಳಿಗೆಯಲ್ಲಿ ಸಾಬರು ಆಗಲೇ ಇದ್ದರು. ನಡುವೆ ಒಂದು ತಗಡಿನ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳಿಸುತ್ತಿತ್ತು, ನಾನು ಗಿರಾಕಿಗೆ ಬೈದರೆ ಅವರಿಗೆ ಕೇಳಿಸುತ್ತಿತ್ತು. ನಾನು ಬೈಯುವುದು ಹೆಚ್ಚು, ಅವರು ಮಾತಾಡುವುದು ಕಡಿಮೆ. ಪಾವಗಡ, ಮಧುಗಿರಿ ಕಡೆಯಿಂದಲೂ ಕೆಟ್ಟ ಪೆಟ್ರೋಮ್ಯಾಕ್ಸುಗಳು ಬಸ್ಸಿನ ಟಾಪಿನ ಮೇಲೆ ಕೂತು ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ಪಂಪಿನ ಚರ್ಮದ ವಾಷರನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕುವುದು, ಒಲೆಯ ಬಾಯಿಗೆ ಪಿನ್ನು ಹಾಕುವುದು, ಊದುವುದು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ಒಂದು ಕಾಲು ಎಳೆದು ನಡೆಯುತ್ತಿದ್ದರು.

ಯುದ್ಧದ ಕಾಲದಲ್ಲಿ ಅವರು ಕೊಚ್ಚಿಯಲ್ಲಿ ನೌಕಾಪಡೆಯ ಉಗ್ರಾಣದಲ್ಲಿದ್ದರು. ಸಮುದ್ರ ಕಾಣದ ಶಿರಾದವನಿಗೆ ನೌಕಾಪಡೆಯಲ್ಲಿ ಏನು ಕೆಲಸ ಎಂದು ನಾನು ಒಮ್ಮೆ ಕೇಳಿದೆ.

"ತೊಳಿಯೋ ಕೆಲ್ಸ," ಎಂದರು.

"ಏನು, ಹಡಗಾ?"

"ಇಲ್ಲ ಭಾಯ್. ನೀರೊಳಗೆ ಮುಳುಗೋರು ಉಸಿರಾಡೋ ಮಿಶೀನು. ಅದರ ಸಣ್ಣ ಸಣ್ಣ ಸಾಮಾನು. ಆರು ವರ್ಷ ಅದೊಂದೇ ತೊಳ್ದೆ."

ನಾನು ಬಿದ್ದು ಬಿದ್ದು ನಕ್ಕೆ. ಯುದ್ಧಕ್ಕೆ ಹೋಗಿ ಪಾತ್ರೆ ತೊಳೆದು ಬಂದರಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಸಾಬರೂ ನಕ್ಕರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಏಳು ವರ್ಷದಲ್ಲಿ ಕಂಡಿರಲಿಲ್ಲ.

ಐವತ್ತನಾಲ್ಕರಲ್ಲಿ ಬೆಂಗಳೂರಿನಲ್ಲಿ ಮಿಲಿಟರಿ ಹಳೇ ಸಾಮಾನಿನ ಹರಾಜು ನಡೆಯಿತು. ಪಂಪುಗಳು ಸಿಗುತ್ತವೆಂದು ಹೋದ ಸಾಬರು ಒಂದು ಮರದ ಪೆಟ್ಟಿಗೆ ಹೊತ್ತುಕೊಂಡು ಬಂದರು. ಮುಚ್ಚಳ ತೆಗೆದು ತೋರಿಸಿದಾಗ ನನಗೆ ಕಂಡದ್ದು ಒಣಗಿ ಮುದುಡಿದ ಒಂದು ರಬ್ಬರ್ ಚೀಲ, ಮಡಿಕೆ ಮಡಿಕೆಯಾದ ಒಂದು ಕೊಳವೆ, ಮೊಳದುದ್ದದ ಒಂದು ಉಕ್ಕಿನ ಬಾಟ್ಲಿ, ಹಸಿರು ಹಿಡಿದ ಹಿತ್ತಾಳೆ ಚೂರುಗಳು. ಸಾಬರು ಮಾತ್ರ ಕಳೆದುಹೋದ ತಮ್ಮನನ್ನು ಸಂತೆಯಲ್ಲಿ ಕಂಡವರ ಹಾಗೆ ಅದನ್ನು ನೋಡುತ್ತಿದ್ದರು. "ಇದೇ ಮಲ್ಲಯ್ಯ, ನಾನು ತೊಳೀತಿದ್ದಿದ್ದು," ಎಂದರು.

ಅದನ್ನು ಸರಿಮಾಡಲು ಅವರಿಗೆ ಎರಡು ವರ್ಷ ಹಿಡಿಯಿತು. ಅದು ಕೆಲಸ ಮಾಡುವ ಬಗೆಯನ್ನು ಅವರು ಹೇಳಿದ್ದು ಹೀಗೆ. ಮನುಷ್ಯ ಬಿಟ್ಟ ಉಸಿರು ಕೊಳವೆಯಲ್ಲಿ ಹೋಗಿ ಒಂದು ಡಬ್ಬಿಯೊಳಗಿನ ಬಿಳಿ ಸುಣ್ಣದ ಹರಳುಗಳ ಮೇಲೆ ಹಾಯುತ್ತದೆ. ಆ ಹರಳು ಕೆಟ್ಟ ಗಾಳಿಯನ್ನು ತಿಂದುಹಾಕುತ್ತದೆ. ಉಳಿದದ್ದು ಎದೆಯ ಮೇಲಿನ ಚೀಲ ಸೇರುತ್ತದೆ, ಬಾಟ್ಲಿಯಿಂದ ಅದಕ್ಕೆ ಒಂದಿಷ್ಟು ಆಕ್ಸಿಜನ್ ಬೆರೆಯುತ್ತದೆ, ಅದೇ ಉಸಿರು ಮತ್ತೆ ಬಾಯಿಗೆ ಬರುತ್ತದೆ. ನೀರಿನ ಮೇಲೆ ಒಂದು ಗುಳ್ಳೆಯೂ ಏಳುವುದಿಲ್ಲ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವುದೆಂದರೆ ನನಗೆ ಎಂಜಲು ತಿಂದ ಹಾಗನ್ನಿಸಿ ಹೇಸಿಕೆಯಾಯಿತು. ಊರಿನವರು ಅದಕ್ಕೆ ಉಸಿರುಪೆಟ್ಟಿಗೆ ಎಂದು ಹೆಸರಿಟ್ಟರು. ಹರಳನ್ನು ಕೊರಟಗೆರೆಯ ಒಬ್ಬ ಕಾಂಪೌಂಡರು ಬೆಂಗಳೂರಿಗೆ ಹೋದಾಗ ತಂದುಕೊಡುತ್ತಿದ್ದರು. ಬಾಟ್ಲಿ ತುಂಬಿಸಲು ಸಾಬರೇ ಹೋಗಿಬರುತ್ತಿದ್ದರು.

ಅದರ ಜೀವ ಇದ್ದದ್ದು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಬಾಯಿಪಟ್ಟಿಯ ಹತ್ತಿರದ ಎರಡು ರಬ್ಬರ್ ಬಿಲ್ಲೆಗಳಲ್ಲಿ. ಎಂಟಾಣೆಯಷ್ಟು ಅಗಲ. ಒಂದು ಉಸಿರನ್ನು ಒಳಗೆ ಬಿಡುವುದು, ಇನ್ನೊಂದು ಹೊರಗೆ ಕಳಿಸುವುದು. ಅದರ ಅಂಚಿನಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ಬಿಲ್ಲೆ ಸರಿಯಾಗಿ ಮುಚ್ಚುವುದಿಲ್ಲ, ಕೆಟ್ಟ ಗಾಳಿ ವಾಪಸು ಬರುತ್ತದೆ. "ಆಗ ಏನಾಯ್ತದೆ?" ಎಂದು ಕೇಳಿದ್ದಕ್ಕೆ ಸಾಬರು, "ಏನೂ ಗೊತ್ತಾಗಲ್ಲ. ನಿದ್ದೆ ಬಂದಂಗಾಯ್ತದೆ. ಅಷ್ಟೇ," ಎಂದರು.

ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಅವರು ಪೆಟ್ಟಿಗೆ ತೆಗೆಯುತ್ತಿದ್ದರು. ತೆಗೆಯುವ ಮೊದಲು ಬಾರ್ ಸೋಪಿನಲ್ಲಿ ಮೊಣಕೈವರೆಗೆ ಕೈ ತೊಳೆಯುವುದು. ಒಮ್ಮೆ ತೊಳೆದು, ಮೂಸಿ ನೋಡಿ, ಮತ್ತೊಮ್ಮೆ ತೊಳೆಯುವುದು. ಅದು ಅವರ ಧರ್ಮದ ಮಡಿ ಇರಬೇಕೆಂದುಕೊಂಡು ನಾನು ಕೇಳಲಿಲ್ಲ. ಆಮೇಲೆ ಬಿಲ್ಲೆಗಳನ್ನು ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಮಗುವಿನ ಕಿವಿ ತೊಳೆದ ಹಾಗೆ ಬೆರಳ ತುದಿಯಿಂದ ತೊಳೆಯುತ್ತಿದ್ದರು. ಕಾಯಿಸಿ ಆರಿಸಿದ ನೀರಿನಲ್ಲಿ ಜಾಲಿಸಿ, ಬಿಳಿ ಮಲ್ಲಿನ ಬಟ್ಟೆಯ ಮೇಲೆ ಸಾಲಾಗಿ ನೆರಳಿನಲ್ಲಿ ಹರಡುತ್ತಿದ್ದರು. ಬಿಸಿಲಿಗೆ ರಬ್ಬರು ಸೀಳುತ್ತದಂತೆ. ಒಣಗಿದ ಮೇಲೆ ಬೆಳಕಿಗೆ ಹಿಡಿದು ಅಂಚು ನೋಡಿ, ತುಟಿಗೆ ಇಟ್ಟು ಒಂದು ಕಡೆಯಿಂದ ಹೀರಿ, ಇನ್ನೊಂದು ಕಡೆಯಿಂದ ಊದುತ್ತಿದ್ದರು. ಕೊನೆಗೆ ಚೀಲಕ್ಕೆ ಪೌಡರು.

"ಸಾಬ್ರೆ, ಪೌಡ್ರು ಆಯ್ತು. ಕಣ್ಣಿಗೆ ಕಾಡಿಗೆ ಬ್ಯಾಡ್ವಾ?" ಎಂದು ನಾನು ಈಚೆಯಿಂದ ಕೂಗುತ್ತಿದ್ದೆ.

"ನಿಂಗೆ ಹೆಂಡ್ತಿ ಬಂದ್ಮೇಲೆ ಅವಳ ಹತ್ರ ಇಸ್ಕೊಂಡು ಬಾ," ಎನ್ನುತ್ತಿದ್ದರು.

ಐವತ್ತೇಳರ ಬೇಸಿಗೆಯಲ್ಲಿ ಅವರಿಗೆ ಒಬ್ಬ ಶಿಷ್ಯ ಸಿಕ್ಕ. ತಾವರೆಕೆರೆ ಕಡೆಯ ಗೂಳಿಕಟ್ಟೆಯ ನೀರಗಂಟಿ ಮರುಳಸಿದ್ದಯ್ಯ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವರ ಮನೆತನದ ಕೆಲಸ. ತೂಬಿಗೆ ಏನಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟಿ ಮುಳುಗಿ ಬಿಡಿಸುವುದೂ ಅವರದೇ ಪಾಲು. ಅವನ ಅಪ್ಪ ಹಾಗೆ ಮುಳುಗಿದವನು ಮೇಲೆ ಬರಲಿಲ್ಲ. ರಾತ್ರಿ ಕೆರೆಯ ಏರಿ ಕಾಯಲು ಇಟ್ಟುಕೊಂಡಿದ್ದ ಪೆಟ್ರೋಮ್ಯಾಕ್ಸನ್ನು ರಿಪೇರಿಗೆ ತಂದವನು ಉಸಿರುಪೆಟ್ಟಿಗೆ ನೋಡಿ ಅಲ್ಲೇ ಕೂತುಬಿಟ್ಟ. ಸಾಬರ ಕಾಲು ಸರಿಯಿಲ್ಲ, ತಾವು ಮುಳುಗುವಂತಿಲ್ಲ. ಇವನಿಗೆ ಎದೆಗಾರಿಕೆಯಿದೆ, ಉಪಕರಣವಿಲ್ಲ. ಇಬ್ಬರಿಗೂ ಒಬ್ಬರನ್ನೊಬ್ಬರು ದೇವರೇ ಕಳಿಸಿದ ಹಾಗಾಯಿತು.

ಊರಾಚೆಯ ತೋಟದ ಬಾವಿಯಲ್ಲಿ ಪಾಠ ನಡೆಯಿತು. ಮೊದಲ ದಿನ ಮರುಳಸಿದ್ದಯ್ಯ ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಇಳಿದ. ಐದು ನಿಮಿಷವಾಯಿತು. ಹತ್ತಾಯಿತು. ಗುಳ್ಳೆಯಿಲ್ಲ, ಸದ್ದಿಲ್ಲ. ಅವನ ಹೆಂಡತಿ ಜಗದಾಂಬ ಕಟ್ಟೆ ಹಿಡಿದುಕೊಂಡು ಅಳುವುದಕ್ಕೆ ಶುರುಮಾಡಿದಳು. ಮೇಲಿದ್ದ ನಾವೆಲ್ಲ ಬಾಯಿ ಒಣಗಿ ನಿಂತೆವು. ಸಾಬರು ಮಾತ್ರ ಹಗ್ಗ ಹಿಡಿದು, ಅದು ಆಗಾಗ ಜಗ್ಗುವುದನ್ನು ಎಣಿಸುತ್ತಾ ಆರಾಮವಾಗಿ ಕೂತಿದ್ದರು. ಇಪ್ಪತ್ತೈದು ನಿಮಿಷಕ್ಕೆ ಮರುಳಸಿದ್ದಯ್ಯನ ತಲೆ ಮೇಲೆ ಬಂತು. ಬಾಯಿಪಟ್ಟಿ ತೆಗೆದವನೇ, "ಒಂದ್ ಬೀಡಿ ಕೊಡ್ರಲಾ. ತಳದಾಗೆ ಆಮೆ ಐತೆ, ಅದ್ರ ಜೊತೆ ಮಾತಾಡ್ಕಂಡು ಕೂತಿದ್ದೆ," ಎಂದ. ನನಗೆ ನಗಬೇಕೋ ಅವನ ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ.

ಪ್ರತಿ ವರ್ಷ ಆಯುಧಪೂಜೆಯ ದಿನ ನನ್ನ ಅಂಗಡಿಯ ಜೊತೆ ಸಾಬರ ಅಂಗಡಿಗೂ ನಾನೇ ಪೂಜೆ ಮಾಡುತ್ತಿದ್ದೆ. ಅವರ ಸುತ್ತಿಗೆ, ಇಕ್ಕಳ, ಬ್ಲೋಲ್ಯಾಂಪುಗಳನ್ನು ತಿಕ್ಕಿ, ಹರಳೆಣ್ಣೆ ಸವರಿ, ಕುಂಕುಮವಿಟ್ಟು, ಮಾವಿನೆಲೆ ಕಟ್ಟುತ್ತಿದ್ದೆ. ಅವರಿಗೂ ಅದು ಇಷ್ಟವೇ. ಕಡಲೆಪುರಿ ತಿಂದುಕೊಂಡು ನೋಡುತ್ತಿದ್ದರು. ಆ ವರ್ಷ ನವರಾತ್ರಿಯಲ್ಲಿ ಬುಕ್ಕಾಪಟ್ಟಣದಲ್ಲಿದ್ದ ಅವರ ಅಕ್ಕ ಖಾಜಾಬಿಗೆ ಕಾಯಿಲೆ ಜೋರಾಯಿತು. ಬೀಗದ ಕೈ ನನಗೆ ಕೊಟ್ಟು ಹೊರಟರು. ಬಸ್ಸು ಹತ್ತುವಾಗ ತಿರುಗಿ ನೋಡಿ, "ಪೂಜೆ ಮಾಡ್ಕೋ ಮಲ್ಲಯ್ಯ. ಆ ಪೆಟ್ಟಿಗೆ ಒಂದು ಮುಟ್ಬೇಡ," ಎಂದರು.

ನವಮಿಯ ದಿನ ಎರಡು ಅಂಗಡಿಗಳ ಆಯುಧಗಳೂ ಎಣ್ಣೆ ಕುಡಿದು ಫಳಫಳ ಹೊಳೆಯುತ್ತಿದ್ದವು. ಪೆಟ್ಟಿಗೆ ಮಾತ್ರ ಮೂಲೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿತ್ತು. ಮೂರು ದಿನದಿಂದ ಮಳೆ. ಕೆರೆಗಳು ತುಂಬುತ್ತಿದ್ದವು. ಇವತ್ತೋ ನಾಳೆಯೋ ಮರುಳಸಿದ್ದಯ್ಯ ಇದನ್ನು ಕಟ್ಟಿಕೊಂಡೇ ಮುಳುಗಬೇಕು. ಒಬ್ಬ ಮನುಷ್ಯನ ಪ್ರಾಣ ಹೊರುವ ಆಯುಧವನ್ನೇ ಪೂಜೆಯಿಲ್ಲದೆ ಬಿಡುವುದೇ? ಆಗಷ್ಟೇ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿ ಕಮಲಾಕ್ಷಮ್ಮ, "ಅವ್ರು ಬ್ಯಾಡ ಅಂದವ್ರಲ್ಲ, ಬುಡಿ," ಎಂದಳು. ನಾನು ಕೇಳಲಿಲ್ಲ. ಸಾಬರಿಗೆ ಅದರ ಮೇಲೆ ಅತಿಯಾದ ವ್ಯಾಮೋಹ, ಬೇರೆಯವರ ಕೈ ತಾಗಬಾರದೆಂಬ ಹಟ, ಅಷ್ಟೇ ಎಂದುಕೊಂಡೆ. ಪೆಟ್ಟಿಗೆ ತೆಗೆದೆ. ಬಾಟ್ಲಿಯ ಬಾಯಿ ತಿರುಗಿಸಿ ನೋಡಿದರೆ ಬಿಗಿ. ಪಾಪ, ಒಂದು ತೊಟ್ಟು ಎಣ್ಣೆ ಕಾಣದೆ ಒಣಗಿದೆ ಎಂದು ಮರುಕವೇ ಬಂತು. ಸೈಕಲ್ಲಿನ ಎಣ್ಣೆಬುರುಡೆಗೆ ಒಳ್ಳೆಯ ಹರಳೆಣ್ಣೆ ತುಂಬಿ ವಾಲ್ವಿಗೆ ಬಿಟ್ಟೆ. ಹಿತ್ತಾಳೆ ಸಾಮಾನಿಗೆಲ್ಲ ಸವರಿದೆ. ಆ ಎರಡು ಬಿಲ್ಲೆಗಳನ್ನೂ ಬಿಡಲಿಲ್ಲ. ಬಾಟ್ಲಿಯ ಕುತ್ತಿಗೆಗೆ ಚಿಟಿಕೆ ಕುಂಕುಮವಿಟ್ಟು, ಮರುಳಸಿದ್ದಯ್ಯನನ್ನು ಕಾಪಾಡಪ್ಪಾ ಎಂದು ಕೈ ಮುಗಿದೆ. ಹೌದು, ಕೈ ಮುಗಿದೆ.

ವಿಜಯದಶಮಿಯ ಬೆಳಿಗ್ಗೆ ಸಾಬರು ಮೊದಲ ಬಸ್ಸಿಗೆ ಬಂದಿಳಿದರು. ಅವರು ಚಪ್ಪಲಿ ಬಿಡುವ ಮೊದಲೇ ಗೂಳಿಕಟ್ಟೆಯಿಂದ ಲಾರಿ ಬಂತು. ಕೆರೆ ತುಂಬಿ ಕೋಡಿ ಸಾಲದಾಗಿದೆ, ತೂಬಿಗೆ ಮರದ ದಿಮ್ಮಿ ಸಿಕ್ಕಿ ತೆರೆಯುತ್ತಿಲ್ಲ, ಏರಿಯ ಹಿಂಬದಿ ನೀರು ಜಿನುಗುತ್ತಿದೆ. ಕೆಳಗೆ ಅರವತ್ತು ಮನೆ. ಸಾಬರು ಪೆಟ್ಟಿಗೆಯನ್ನು ಹಾಗೇ ಎತ್ತಿ ಲಾರಿಗಿಟ್ಟರು. ಎಲ್ಲಿಗೆ ಹೋದರೂ ಜೊತೆಗೊಯ್ಯುವ ಸ್ಟೌ, ಸೋಪಿನ ಚೀಲವನ್ನೂ ಇಟ್ಟರು. ನಾನೂ ಹತ್ತಿದೆ. ಎಣ್ಣೆಯ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಕೆಲಸ ಸುಸೂತ್ರವಾದ ಮೇಲೆ ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳೋಣವೆಂದು ಸುಮ್ಮನಾದೆ.

ಏರಿಯ ಮೇಲೆ ಇನ್ನೂರು ಮುನ್ನೂರು ಜನ. ಮರುಳಸಿದ್ದಯ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಯಾರಾಗಿದ್ದ. ಸಾಬರು ಕೈ ತೊಳೆದುಕೊಂಡು ಮುಚ್ಚಳ ತೆಗೆದರು. ತೆಗೆದವರು ಹಾಗೇ ನಿಂತರು. ಬಾಟ್ಲಿಯ ಬಾಯಿಗೆ ಬೆರಳಿಟ್ಟು, ಹೆಬ್ಬೆರಳಿಗೆ ಉಜ್ಜಿ, ಮೂಸಿ ನೋಡಿದರು. ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದರು. ನಾನು ನೀರಿನ ಕಡೆ ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ಹೆಗಲ ಟವಲಿನಿಂದ ಕುಂಕುಮವನ್ನು ಒರೆಸುತ್ತಿದ್ದರು.

ನನ್ನ ತಲೆಯಲ್ಲಿ ಆಗ ಬಂದ ಯೋಚನೆಯನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ. ಓಹೋ, ಕುಂಕುಮ ಕಂಡು ಮುಖ ಹಾಗಾಯಿತೋ, ಇಷ್ಟು ದಿನದ ಸ್ನೇಹ ಬರೀ ಕಡಲೆಪುರಿ ತಿನ್ನುವವರೆಗೆ ಮಾತ್ರವೋ ಎಂದುಕೊಂಡೆ.

"ಇದು ಈಗ ಆಗಲ್ಲ," ಎಂದರು ಸಾಬರು. "ಕೊಳೆಯಾಗೈತೆ. ತೊಳೀಬೇಕು. ಮೂರು ಗಂಟೆ ಬೇಕು."

ಪಟೇಲ ನಂದೀಶ್ವರಯ್ಯನವರು ಕಿರುಚಿದರು. "ಮೂರು ಗಂಟೇನಾ? ಏರಿ ಇನ್ನೊಂದು ಗಂಟೆ ನಿಂತ್ರೆ ಹೆಚ್ಚು ಕಣಯ್ಯಾ! ಈಗ ನಿಂದು ತೊಳಿಯೋ ಹೊತ್ತಾ?"

"ಸಾಬ್ರೆ, ಮ್ಯಾಲಮ್ಯಾಲೆ ಒರೆಸಿ ಕೊಟ್ಬುಡಿ," ಎಂದ ಮರುಳಸಿದ್ದಯ್ಯ. "ಏನಾಯ್ತದೋ ನಾ ನೋಡ್ಕತೀನಿ."

"ಕೊಡಲ್ಲ. ಸತ್ರೂ ಕೊಡಲ್ಲ." ಯಾರೋ ಪೆಟ್ಟಿಗೆಗೆ ಕೈ ಹಾಕಿದರು. ಸಾಬರು ಬಾಟ್ಲಿಯ ತಿರುಪನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಪೆಟ್ಟಿಗೆಯ ಮೇಲೆ ಅಡ್ಡಬಿದ್ದರು. ಜನ ಅವರ ಬೆನ್ನಿಗೆ ಗುದ್ದಿದರು. ನಾನು ಬಿಡಿಸಲಿಲ್ಲ. "ಏನ್ ಸಾಬ್ರೆ ಇದು, ಮನುಷ್ಯರಾ ನೀವು?" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೆ. ಅವರು ಎದ್ದು, ಸ್ಟೌ ಹಚ್ಚಿ ನೀರಿಟ್ಟು, ವಾಷಿಂಗ್ ಸೋಡಾ ಸುರಿದು, ಸಾಮಾನು ಬಿಚ್ಚಲು ಕೂತರು. ಅವಸರದಲ್ಲಿ ತಿರುಪು ಎರಡು ಸಲ ಕೈಜಾರಿತು. "ಸಿದ್ದಯ್ಯಾ, ತಡ್ಕೋ, ತಡ್ಕೋ," ಎನ್ನುತ್ತಲೇ ಇದ್ದರು.

ಅವನು ತಡೆಯಲಿಲ್ಲ. ಅವನಪ್ಪ ಮುಳುಗಿದ ಹಾಗೇ ಉಸಿರು ಕಟ್ಟಿ ಮುಳುಗಿದ. ಮೊದಲ ಸಲ ಎದ್ದು ಬಂದು, ದಿಮ್ಮಿ ತೂಬಿನ ಬಾಯಿಗೆ ಅಡ್ಡ ಕಚ್ಚಿಕೊಂಡಿದೆ ಎಂದ. ಎರಡನೇ ಸಲ, ಅಲುಗಾಡುತ್ತಿದೆ ಎಂದ. ಮೂರನೇ ಸಲ ಹೋದ. ಏರಿಯ ಆಚೆ ಬದಿಯಿಂದ ಕೆಂಪು ನೀರು ಭೋರೆಂದು ಚಿಮ್ಮಿತು. ತೂಬು ತೆರೆದಿತ್ತು! ಮುನ್ನೂರು ಜನ ಒಟ್ಟಿಗೆ ಹೋ ಎಂದು ಕೂಗಿದೆವು. ನಾನು ಟವಲು ತೆಗೆದು ಗಾಳಿಗೆ ತೂರಿದೆ.

ಹಗ್ಗ ಹಿಡಿದಿದ್ದವರು ಕೂಗಲಿಲ್ಲ. ಹಗ್ಗ ಬಿಗಿದು ನಿಂತಿತ್ತು. ಎಂಟು ಜನ ಎಳೆದರೂ ಬರಲಿಲ್ಲ. ನೀರಿನ ಸೆಳೆತ ಅವನ ಕಾಲನ್ನು ದಿಮ್ಮಿಯ ಜೊತೆ ತೂಬಿಗೆ ಒತ್ತಿ ಹಿಡಿದಿತ್ತು. ಅವನನ್ನು ಬಿಡಿಸಿ ಮೇಲೆ ತರಲು ಕಾಲು ಗಂಟೆ ಹಿಡಿಯಿತು. ಪೆಟ್ಟಿಗೆ ಎದೆಯ ಮೇಲಿದ್ದರೆ ಅವನಿಗೆ ಅರ್ಧ ಗಂಟೆಗೂ ಮೀರಿ ಉಸಿರು ಇರುತ್ತಿತ್ತು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಬಾವಿಯ ಪಾಠವನ್ನು ನೋಡದವರೂ ಅದರ ಸುದ್ದಿ ಕೇಳಿದ್ದರು.

ಹೆಣವನ್ನು ಏರಿಯ ಮೇಲೆ ಮಲಗಿಸಿದಾಗ ಹತ್ತು ಹೆಜ್ಜೆ ಆಚೆ ಬಿಳಿ ಬಟ್ಟೆಯ ಮೇಲೆ ಆ ಎರಡು ರಬ್ಬರ್ ಬಿಲ್ಲೆಗಳು ಒಣಗುತ್ತಿದ್ದವು. ಸ್ಟೌ ಇನ್ನೂ ಉರಿಯುತ್ತಿತ್ತು. ಜಗದಾಂಬ ಓಡಿ ಬಂದವಳು ಗಂಡನನ್ನು ನೋಡಿದಳು. ಅಳಲಿಲ್ಲ. ನೇರ ಹೋಗಿ ಸಾಬರ ಮುಂದೆ ನಿಂತು, "ತೊಳ್ದಾಯ್ತಾ ಸಾಬ್ರೆ?" ಎಂದು ಕೇಳಿದಳು. ಅಷ್ಟೇ. ಬೈಗುಳ ಕೇಳಿ ಬೆಳೆದವನು ನಾನು, ಅಷ್ಟು ದೊಡ್ಡ ಬೈಗುಳ ಕೇಳಿರಲಿಲ್ಲ. ಸಾಬರು ಬಗ್ಗಿ ಸ್ಟೌ ಆರಿಸಿದರು.

ಅಂದಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ. ತಗಡಿನ ಗೋಡೆಯ ಆಚೆ ಕೆಮ್ಮಿದರೂ ಈಚೆ ನಾನು ಬೆಲ್ಲು ಬಾರಿಸುತ್ತಿದ್ದೆ. ಹೋಟೆಲಿನಲ್ಲಿ ಯಾರಾದರೂ ಕೇಳಿದರೆ, "ತೊಳೀತಾ ಕೂತ್ಕಂಡು ಸಾಯಿಸ್ಬುಟ್ಟ ಕಣಯ್ಯ," ಎನ್ನುತ್ತಿದ್ದೆ. ಗಿರಾಕಿಗಳು ಕಡಿಮೆಯಾದರು. ಗೂಳಿಕಟ್ಟೆ ಸುತ್ತಿನವರು ಸ್ಟೌ ಕೆಟ್ಟರೆ ಹಿರಿಯೂರಿಗೆ ಹೊತ್ತುಕೊಂಡು ಹೋಗುವರು, ಇವರ ಅಂಗಡಿ ಹತ್ತರು. ಸಾಬರ ಹೆಂಡತಿ ಬದರುನ್ನೀಸಾ ನಲ್ಲಿಗೆ ಬಂದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ದೂರ ಸರಿಯುವರು. ಸಾಬರು ಒಬ್ಬರಿಗೂ ತಿರುಗಿ ಒಂದು ಮಾತು ಹೇಳಲಿಲ್ಲ. ಶುಕ್ರವಾರ ಮಾತ್ರ ಆಚೆ ಬದಿಯಿಂದ ನೀರಿನ ಸದ್ದು, ಸೋಪಿನ ವಾಸನೆ, ಬಿಲ್ಲೆ ಊದುವ ಸಣ್ಣ ಸುಂಯ್ ಶಬ್ದ ಬರುತ್ತಿತ್ತು. ಇನ್ನೂ ತೊಳೆಯುತ್ತಾನಲ್ಲ, ಎಂಥ ಕಲ್ಲುಮನಸ್ಸು ಎಂದು ಹಲ್ಲು ಕಡಿಯುತ್ತಿದ್ದೆ. ಏಳು ವರ್ಷ ಹೀಗೇ ಕಳೆಯಿತು.

ಅರವತ್ತನಾಲ್ಕರಲ್ಲಿ ನನ್ನ ಅಂಗಡಿಗೆ ಗ್ಯಾಸ್ ವೆಲ್ಡಿಂಗ್ ಬಂತು. ಕೆಲಸ ಕಲಿಸಲು ತುಮಕೂರಿನಿಂದ ಪರ್ವತಯ್ಯ ಎಂಬ ವೆಲ್ಡರು ಬಂದು ಉಳಿದುಕೊಂಡಿದ್ದರು. ಅವರ ಮುಖದ ಅರ್ಧ ಭಾಗ ಸುಟ್ಟು ಸುಕ್ಕುಗಟ್ಟಿತ್ತು, ಒಂದು ಹುಬ್ಬು ಇರಲಿಲ್ಲ. ಕೇಳಲು ಸಂಕೋಚವಾಗಿ ಸುಮ್ಮನಿದ್ದೆ. ಮರುವಾರವೇ ಆಯುಧಪೂಜೆ. ಸುತ್ತಿಗೆ, ಸ್ಪ್ಯಾನರುಗಳೆಲ್ಲ ಮುಗಿದ ಮೇಲೆ ಹೊಸ ಸಿಲಿಂಡರಿನ ಮುಂದೆ ಕೂತು, ಅದೇ ಎಣ್ಣೆಬುರುಡೆಯನ್ನು ಅದರ ವಾಲ್ವಿಗೆ ಬಗ್ಗಿಸಿದೆ.

ಕೈಗೆ ಸ್ಪ್ಯಾನರಿನ ಏಟು ಬಿತ್ತು. ಬುರುಡೆ ಹಾರಿ ರಸ್ತೆಗೆ ಹೋಯಿತು. ಪರ್ವತಯ್ಯನವರು ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದರು.

"ಸಾಯ್ಬೇಕು ಅಂತ ಮಾಡಿದ್ದೀಯಾ? ನನ್ನ ಮುಖ ನೋಡು! ಸರಿಯಾಗಿ ನೋಡಯ್ಯಾ! ಒಂದು ತೊಟ್ಟು ಎಣ್ಣೆ. ಒಂದೇ ತೊಟ್ಟು. ವಾಲ್ವು ಬಿಗಿ ಅಂತ ಬಿಟ್ಟೆ. ತಿರುಗಿಸಿದ ತಕ್ಷಣ ಬೆಂಕಿ. ಕಡ್ಡಿ ಬೇಡ, ಕಿಡಿ ಬೇಡ. ಆಕ್ಸಿಜನ್‌ಗೆ ಎಣ್ಣೆ ತಾಗಿದ್ರೆ ಸಾಕು, ತಾನೇ ಹತ್ಕೊಂಡ್ಬಿಡ್ತದೆ. ಪಕ್ಕದಲ್ಲಿದ್ದ ನನ್ನ ತಮ್ಮ ಉಳೀಲಿಲ್ಲ."

ಅವರು ಇನ್ನೂ ಏನೇನೋ ಹೇಳಿದರು. ನನಗೆ ಕೇಳಿಸಲಿಲ್ಲ. ನನ್ನ ಕಣ್ಣ ಮುಂದೆ ಗೂಳಿಕಟ್ಟೆಯ ಏರಿ ಇತ್ತು. ಸಾಬರು ಬೆರಳು ಮೂಸಿ ನೋಡಿದ್ದು ಕಂಡಿತು. ಶುಕ್ರವಾರದ ಸೋಪು, ಎರಡೆರಡು ಸಲ ತೊಳೆದ ಕೈ, ಅದು ಮಡಿಯಲ್ಲ. ಎಣ್ಣೆಯಲ್ಲಿ ಮುಳುಗಿದ ಕೈಯಿಂದ ಎಣ್ಣೆ ತೆಗೆಯುವುದು. ನಾನು ಸವರಿದ ಬಾಯಿಪಟ್ಟಿಯನ್ನು ಮರುಳಸಿದ್ದಯ್ಯ ಹಲ್ಲಿನಲ್ಲಿ ಕಚ್ಚಿ, ಬಾಟ್ಲಿ ತಿರುಗಿಸಿದ್ದರೆ ಅವನ ಬಾಯಿಯೊಳಗೇ ಬೆಂಕಿ. ಅದನ್ನು ತಡೆಯಲು ಆ ಮನುಷ್ಯ ಪೆಟ್ಟಿಗೆಯ ಮೇಲೆ ಅಡ್ಡಬಿದ್ದು ಏಟು ತಿಂದರು. ನಾನು ಮಾತ್ರ ಕುಂಕುಮದ ಲೆಕ್ಕದಲ್ಲಿದ್ದೆ! ಮರುಳಸಿದ್ದಯ್ಯನನ್ನು ಬರಿಗೈಯಲ್ಲಿ ನೀರಿಗೆ ಕಳಿಸಿದ್ದು ನಾನು. ರಸ್ತೆಗೆ ಹೋಗಿ ಆ ಎಣ್ಣೆಬುರುಡೆಯನ್ನು ಎತ್ತಿ ಚರಂಡಿಗೆ ಎಸೆದೆ.

ಏಳು ವರ್ಷದ ಮೇಲೆ ಆ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿದೆ. ಸಾಬರು ಪೆಟ್ರೋಮ್ಯಾಕ್ಸಿನ ಪಂಪು ಬಿಚ್ಚುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಬಾಯಿ ತೆರೆದರೆ ಅಳು ಬಂತು. "ಸಾಬ್ರೆ, ಅವತ್ತು ಎಣ್ಣೆ..." ಎಂದೆ.

"ಹೂಂ," ಎಂದರು. "ಕೂತ್ಕೋ."

"ನಿಮಗೆ ಗೊತ್ತಿತ್ತಾ?"

"ಹರಳೆಣ್ಣೆ ವಾಸನೆ. ಕುಂಕುಮ ಬೇರೆ. ಇನ್ಯಾರು ಹಾಕ್ತಾರೆ ಭಾಯ್?"

"ಮತ್ಯಾಕ್ ಹೇಳಲಿಲ್ಲ? ಅಷ್ಟು ಜನ ನಿಮ್ಮನ್ನ ಬಡಿದ್ರಲ್ಲ! ನಾನೂ ಬೈದ್ನಲ್ಲ!"

ಸಾಬರು ಪಂಪನ್ನು ಕೆಳಗಿಟ್ಟರು. "ಆ ಏರಿ ಮೇಲೆ ಎಣ್ಣೆ ಅಂದಿದ್ರೆ ಯಾರು ಹಾಕಿದ್ದು ಅಂತ ಕೇಳೋರು. ನಿನ್ನ ಹೆಸ್ರು ಹೇಳಿದ್ರೆ ನಿನ್ನೂ ಎತ್ತಿ ಅದೇ ನೀರಿಗೆ ಹಾಕಿರೋರು. ಆಗ ತಾನೇ ಮದ್ವೆಯಾಗಿದ್ದೆ ನೀನು. ಆಮೇಲೆ ಹೇಳಿ ಏನು ಫಾಯ್ದಾ? ಸಿದ್ದಯ್ಯ ಎದ್ದು ಬರ್ತಿದ್ನಾ?" ಮತ್ತೆ ಪಂಪನ್ನು ಕೈಗೆತ್ತಿಕೊಂಡು, "ತಪ್ಪು ನಂದೂ ಐತೆ. ಮುಟ್ಬೇಡ ಅಂದೆ. ಯಾಕೆ ಮುಟ್ಬಾರ್ದು ಅಂತ ಹೇಳಲಿಲ್ಲ. ಆರು ವರ್ಷ ಕಲ್ತ ಕೆಲ್ಸ, ಎರಡು ಮಾತಲ್ಲಿ ಹೇಳಬಹುದಿತ್ತು," ಎಂದರು.

"ಇನ್ನೂ ಯಾಕೆ ತೊಳೀತೀರಾ ಅದನ್ನ?"

"ಯಾರಾದ್ರೂ ಕೇಳ್ಕೊಂಡು ಬಂದ್ರೆ ತಯಾರಿರ್ಬೇಕಲ್ಲ," ಎಂದರು. ಏಳು ವರ್ಷದಲ್ಲಿ ಒಬ್ಬರೂ ಬಂದಿರಲಿಲ್ಲ.

ಮಾರನೆಯ ದಿನ ಸೈಕಲ್ ತುಳಿದುಕೊಂಡು ಗೂಳಿಕಟ್ಟೆಗೆ ಹೋದೆ. ಸಾಬರು ಬೇಡವೆಂದಿದ್ದರು. ಅವರ ಮಾತು ಮೀರಿ ನಾನು ಮಾಡಿದ ಎರಡನೇ ಕೆಲಸ ಅದು. ಜಗದಾಂಬ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಸೂರಿನ ಗಳಕ್ಕೆ ಮರುಳಸಿದ್ದಯ್ಯನ ಪೆಟ್ರೋಮ್ಯಾಕ್ಸ್ ತುಕ್ಕು ಹಿಡಿದು ನೇತಾಡುತ್ತಿತ್ತು. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಎಣ್ಣೆಬುರುಡೆ, ಕುಂಕುಮ, ಮುಗಿದ ಕೈ, ಯಾವುದನ್ನೂ ಬಿಡಲಿಲ್ಲ. ಹೊಡೆಯಲಿ, ಉಗಿಯಲಿ ಎಂದು ತಲೆ ತಗ್ಗಿಸಿ ಕಾದೆ.

ಅವಳ ಕೈ ಮೊರದಲ್ಲೇ ನಿಂತುಹೋಯಿತು. ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನೀನು ಎಣ್ಣೆ ಹಾಕ್ದೆ. ಒಳ್ಳೇದಾಗ್ಲಿ ಅಂತ ಹಾಕ್ದೆ. ಅದುಕ್ಕೆ ನಾನೇನು ಅನ್ಲಣ್ಣ? ಆದ್ರೆ ಏಳು ವರ್ಸ ಆ ಮನುಸನ್ನ ನಾನು ಬೈದೆ. ನೀನು ಪಕ್ಕದಾಗೇ ಕೂತ್ಕಂಡು ನನ್ನ ಜೊತೆಗೆ ಬೈದೆ. ಬೀಗ ತೆಗ್ದೋನು ನೀನೇ ಅಂತ ನಿಂಗೊಬ್ಬಂಗಾದ್ರೂ ಗೊತ್ತಿತ್ತಲ್ಲ. ಯಾಕೆ ಹಂಗ್ ಮಾಡಿದ್ರಿ ಸಾಬ್ರೆ ಅಂತ ಒಂದ್ ದಿನ, ಒಂದೇ ಒಂದ್ ದಿನ ಗ್ವಾಡೆ ಆಚೆಗೋಗಿ ಕೇಳಾಕೆ ನಿಂಗೇನಾಗಿತ್ತಣ್ಣ?"

ನಾನು ಎದ್ದು, ಕೆರೆಯ ಏರಿಯವರೆಗೂ ಸೈಕಲ್ ತಳ್ಳಿಕೊಂಡೇ ನಡೆದೆ.

ಮುಂದಿನ ಮಂಗಳವಾರ ಮಧ್ಯಾಹ್ನ ಬಸ್ಸಿನಿಂದ ಅವಳು ಇಳಿದದ್ದು ಕಂಡೆ. ಕೈಯಲ್ಲಿ ಆ ತುಕ್ಕು ಹಿಡಿದ ಪೆಟ್ರೋಮ್ಯಾಕ್ಸ್. ನನ್ನ ಅಂಗಡಿಯ ಮುಂದೆ ಹಾಯ್ದರೂ ನನ್ನ ಕಡೆ ನೋಡಲಿಲ್ಲ. ಸಾಬರ ಅಂಗಡಿಯ ಮೆಟ್ಟಿಲ ಮೇಲೆ ಅದನ್ನಿಟ್ಟು ನಿಂತಳು. ಸಾಬರು ಅವಳನ್ನು ನೋಡಿದವರೇ ಗಾಬರಿಯಿಂದ ಎದ್ದು ನಿಂತರು. ಕೂರಲು ಮಣೆ ಕೊಟ್ಟರು. ದೀಪವನ್ನು ತಿರುಗಿಸಿ ನೋಡಿ, ಕೈ ಒರೆಸಿಕೊಂಡರು.

"ಬಹಳ ಕೊಳೆಯಾಗೈತಮ್ಮ," ಎಂದರು. "ಎಲ್ಲಾ ಬಿಚ್ಚಿ ತೊಳೀಬೇಕು. ಹೊತ್ತಾಗ್ತದೆ. ಬಸ್ಸು ತಪ್ಪಿಹೋಗ್ತದೆ."

ತಗಡಿನ ಗೋಡೆಯ ಈಚೆ ನಾನು ಸೈಕಲ್ ಚೈನು ಹಿಡಿದುಕೊಂಡು ಉಸಿರು ಬಿಗಿಹಿಡಿದು ಕೂತಿದ್ದೆ. ಜಗದಾಂಬ ಮಣೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡ ಸದ್ದು ಕೇಳಿಸಿತು.

"ಹೋದ್ರೆ ಹೋಗ್ಲಿ," ಎಂದಳು. "ಚೆನ್ನಾಗಿ ತೊಳೀರಣ್ಣ. ನಾನು ಕಾಯ್ತೀನಿ."